ನೀರೂ ಅಲೆ, ತಿರುಗಾಟವೂ ಅಲೆ

ಅಲೆ

'ಮೇವಿಗೆ ಇನ್ನೆಷ್ಟ್ ಅಲೀಬೇಕ್ರಿ?' ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಕುರಿಗಾಹಿಗಳ ಬಾಯಲ್ಲಿ 'ಅಲೆ' ಕ್ರಿಯಾಪದ. ಕೆರೆಯಲ್ಲಿ ಏಳುವುದು ನಾಮಪದ. ಎರಡರ ಬೇರೂ ಒಂದೇ, ಅಚ್ಚ ದ್ರಾವಿಡ: ಅತ್ತಿತ್ತ ತೂಗಾಡು. ತಮಿಳಿನ 'ಅಲೈ'ಗೂ ಈ ಎರಡು ಅರ್ಥಗಳಿವೆ. ತೆಲುಗಿನಲ್ಲಿ 'ಅಲ' ತೆರೆ, 'ಅಲಯು' ಎಂದರೆ ದಣಿ. ಅಲೆದವರು ದಣಿಯದಿರುತ್ತಾರೆಯೇ! ಅಲೆಮಾರಿ, ಅಲೆದಾಟ ಇದೇ ಬಳ್ಳಿಯವು.

ಪಠ್ಯಪುಸ್ತಕಗಳಿಗೆ ಸಂಸ್ಕೃತದ 'ತರಂಗ' ಇಷ್ಟ. ದೇಶಕಾಲದಲ್ಲಿ ಏಳುವ ತೆರೆಗೆ ನನಗೆ 'ಗುರುತ್ವದ ಅಲೆ'ಯೇ ಮೇಲು. ಕಪ್ಪುಕುಳಿಯನ್ನು ಕದಡಿದರೆ ಅದು ಗಂಟೆಯಂತೆ ಮಿಡಿದು, ಆ ಅಲೆಗಳನ್ನು ಹೊಮ್ಮಿಸಿ ಶಾಂತವಾಗುತ್ತದೆಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಇಂಥ ಅಲೆಯನ್ನು ಮೊದಲ ಬಾರಿ ಹಿಡಿದವು.

'ಅಲೆ' ಪದದ ಎರಡೂ ಅರ್ಥಗಳು ಕಪ್ಪುಕುಳಿಯ ಬಳಿ ಕೂಡುತ್ತವೆ. ಕಪ್ಪುಕುಳಿಯನ್ನು ಸುತ್ತುವ ಸಾಂದ್ರ ಕಾಯವೂ ತನ್ನ ಅಕ್ಷದ ಮೇಲೆ ಗಿರಕಿ ಹೊಡೆಯುತ್ತಿದ್ದರೆ, ಸಿದ್ಧಾಂತದ ಪ್ರಕಾರ, ಅದರ ದಾರಿ ಕೆಲವೊಮ್ಮೆ ಅಡ್ಡಾದಿಡ್ಡಿಯಾಗಬಲ್ಲದು. ಆರಂಭದ ಕೂದಲೆಳೆಯ ವ್ಯತ್ಯಾಸ ಬರಬರುತ್ತಾ ಬೆಟ್ಟವಾಗುತ್ತದೆ. ಆಗ ಹೊಮ್ಮುವ ಗುರುತ್ವದ ಅಲೆಯ ಸಂಕೇತದಲ್ಲಿ ಬಿಡಿಬಿಡಿ ಸ್ವರಗಳಿರದೆ ಎಲ್ಲವೂ ಕಲಸಿಕೊಳ್ಳುತ್ತವೆ. ಅಲೆಮಾರಿ ಕಾಯದ ಅಲೆ!