ಹರಿಹರದ ಶಾಸನಗಳು ಮತ್ತು ಮಹಾಶಕ್ತಿಗಳ ಪೈಪೋಟಿಯ ಮೂಲ

ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ಪೈಪೋಟಿಯ ಮೂಲವನ್ನು ವಿದ್ಯಾರ್ಥಿಗೆ ಬೋಧಿಸುವಾಗ ಬಂಡವಾಳಶಾಹಿ, ಸಮತಾವಾದ ಎಂಬ ಎರಡು ಸಿದ್ಧಾಂತಗಳ ಹಗೆತನವನ್ನೇ ಮುಂದಿಡುವುದು ರೂಢಿ. ಅದು ಸುಳ್ಳಲ್ಲ; ಆದರೆ ಅಷ್ಟರಿಂದಲೇ ವಿಷಯ ಮನದಟ್ಟಾಗದು. ಇಂಥ ಹಗೆಯ ಹಿಂದೆ ಬಹುಮಟ್ಟಿಗೆ ತೆರವಾದ ಸಿಂಹಾಸನವೊಂದು ಇರುತ್ತದೆ. ದಾವಣಗೆರೆಯ ವಿದ್ಯಾರ್ಥಿಗೆ ಇದನ್ನು ತೋರಿಸಲು ದೂರ ಹೋಗಬೇಕಿಲ್ಲ. ನೆರೆಯ ಹರಿಹರದಲ್ಲಿ, ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯದಿಂದಲೇ ಪಾಠವನ್ನು ಆರಂಭಿಸಬಹುದು.

ಹನ್ನೆರಡನೆಯ ಶತಮಾನದ ನಡುಗಾಲದವರೆಗೆ ಈ ಸೀಮೆಗೆ ಕಲ್ಯಾಣದ ಚಾಲುಕ್ಯರೇ ಸಾರ್ವಭೌಮರು. ದಕ್ಷಿಣದ ಹೊಯ್ಸಳರೂ ಉತ್ತರದ ಸೇವುಣರೂ ಅವರ ಮಾಂಡಲಿಕರು. ಕಳಚುರಿ ಬಿಜ್ಜಳನ ಆಕ್ರಮಣದಿಂದ ಕುಸಿದ ಚಾಲುಕ್ಯ ಪ್ರಭುತ್ವವು ನಾಲ್ಕನೆಯ ಸೋಮೇಶ್ವರನ ಕಾಲದಲ್ಲಿ ಕೆಲವು ವರ್ಷ ಚೇತರಿಸಿಕೊಂಡು, 1190ರ ಸುಮಾರಿಗೆ ಅಳಿದುಹೋಯಿತು. ಆ ತೆರವಿಗೆ ಸೇವುಣರ ಐದನೆಯ ಭಿಲ್ಲಮನೂ ಹೊಯ್ಸಳ ಇಮ್ಮಡಿ ವೀರಬಲ್ಲಾಳನೂ ಏಕಕಾಲಕ್ಕೆ ಮುನ್ನುಗ್ಗಿದರು. ಗದಗಿನ ಸಮೀಪದ ಸೊರಟೂರಿನಲ್ಲಿ ಭಿಲ್ಲಮನು ಸೋತನು. ಬಲ್ಲಾಳನು ಲಕ್ಕುಂಡಿಯನ್ನು ನೆಲೆವೀಡಾಗಿಸಿಕೊಂಡನು. ಆದರೆ ಸುಮಾರು 1215ರ ಹೊತ್ತಿಗೆ ಭಿಲ್ಲಮನ ಮೊಮ್ಮಗ ಸಿಂಘಣನು ತುಂಗಭದ್ರೆಯ ಉತ್ತರದ ನಾಡನ್ನು ಮರಳಿ ಪಡೆದನು. ಹೊಳೆ ಗಡಿಯಾಯಿತು, ಹರಿಹರ ಗಡಿಯೂರಾಯಿತು.

1945ರ ಬಳಿಕ ನಡೆದುದೂ ಇದನ್ನೇ ಹೋಲುತ್ತದೆ. 1944ರಲ್ಲಿ ವಿಲಿಯಂ ಫಾಕ್ಸ್ ಎಂಬ ವಿದ್ವಾಂಸ ಮಹಾಶಕ್ತಿಗಳನ್ನು ಕುರಿತು ಗ್ರಂಥ ರಚಿಸಿದಾಗ ಅಮೆರಿಕ, ಸೋವಿಯತ್ ಒಕ್ಕೂಟಗಳ ಜೊತೆಗೆ ಬ್ರಿಟನ್ನನ್ನೂ ಎಣಿಸಿದ್ದನು. 1947ರ ಫೆಬ್ರವರಿಯಲ್ಲಿ ಅದೇ ಬ್ರಿಟನ್, ಗ್ರೀಸ್ ಮತ್ತು ಟರ್ಕಿಗಳಿಗೆ ನೆರವು ಮುಂದುವರಿಸಲಾರೆನೆಂದು ಅಮೆರಿಕಕ್ಕೆ ತಿಳಿಸಿತು. ಮಾರ್ಚ್ 12ರಂದು ಅಧ್ಯಕ್ಷ ಟ್ರೂಮನ್ ಆ ಹೊಣೆಯನ್ನು ಅಮೆರಿಕ ಹೊರಬೇಕೆಂದು ಸಾರಿದನು. ಹಿಟ್ಲರನ ವಿರುದ್ಧ ಜೊತೆಯಾಗಿ ಹೋರಾಡಿದವರೇ ಎದುರಾಳಿಗಳಾದರು. ಹೋಲಿಕೆಗೆ ಮಿತಿಯೂ ಉಂಟು: ಅಣ್ವಸ್ತ್ರದ ಭಯ ಈ ಇಬ್ಬರನ್ನು ನೇರ ಮಹಾಯುದ್ಧದಿಂದ ತಡೆಯಿತು, ಹೊಯ್ಸಳ-ಸೇವುಣರಿಗೆ ಅಂಥ ತಡೆ ಇರಲಿಲ್ಲ.

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿನಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಹರಿ ಮತ್ತು ಹರರು ಒಂದೇ ವಿಗ್ರಹದಲ್ಲಿ ನಿಂತ ಈ ಗುಡಿಯನ್ನು ಸಾಮರಸ್ಯದ ಕುರುಹೆಂದು ಕೊಂಡಾಡುವುದು ಯೋಗ್ಯವೇ. ಆದರೂ ಗಡಿಯಲ್ಲಿ ಸೇನಾನಿಯೊಬ್ಬನು ಎತ್ತಿಸಿದ ಗುಡಿ ಭಕ್ತಿಯ ಜೊತೆಗೆ ಒಡೆತನವನ್ನೂ ಸಾರುತ್ತದೆಂಬುದನ್ನು ಮರೆಯಲಾಗದು.

ವಿದ್ಯಾರ್ಥಿ ಇನ್ನಷ್ಟು ಎಚ್ಚರದಿಂದ ಓದಬೇಕಾದುದು 1276ರ ಯುದ್ಧದ ವೃತ್ತಾಂತವನ್ನು. ಆ ವರ್ಷ ಸೇವುಣ ರಾಮಚಂದ್ರನ ಸೇನಾನಿ ಸಾಳುವ ತಿಕ್ಕಮನು ದೋರಸಮುದ್ರದವರೆಗೂ ನುಗ್ಗಿದನು. ಹರಿಹರದಲ್ಲಿರುವ ಅವನ 1277ರ ಶಾಸನ ಈ ದಂಡಯಾತ್ರೆಯನ್ನು ಗೆಲುವೆಂದು ವರ್ಣಿಸುತ್ತದೆ. ಹೊಯ್ಸಳರ ಶಾಸನಗಳಾದರೋ ಅವನನ್ನು ದುಮ್ಮಿಯಾಚೆಗೆ ಅಟ್ಟಿದುದಾಗಿ ಹೇಳುತ್ತವೆ. ತಿಕ್ಕಮನಿಗೆ ಆನೆಕುದುರೆಗಳ ಕೊಳ್ಳೆ ದಕ್ಕಿತು, ರಾಜಧಾನಿ ದಕ್ಕಲಿಲ್ಲ. ಎರಡು ಕಡೆಯ ಮಾತನ್ನೂ ಕೂಡಿಸಿ ನೋಡಿದಾಗ ದೊರೆಯುವ ನಿಜ ಇಷ್ಟು. ವಾಷಿಂಗ್ಟನ್ನಿನ ಮಾತನ್ನಾಗಲಿ ಮಾಸ್ಕೋವಿನ ಮಾತನ್ನಾಗಲಿ ತೂಗಿ ನೋಡುವ ಕ್ರಮವನ್ನು ಇಲ್ಲಿಯೇ ಕಲಿಯಬಹುದು.

ಈ ಹಗೆಯ ಕೊನೆಯೂ ಪಾಠದ ಭಾಗವೇ. 1296ರಲ್ಲಿ ಅಲಾವುದ್ದೀನ್ ಖಿಲ್ಜಿ ದೇವಗಿರಿಯನ್ನು ಸೂರೆಗೊಂಡನು. ರಾಮಚಂದ್ರನು ಕಪ್ಪ ಕೊಡುವ ಅರಸನಾದನು. 1311ರಲ್ಲಿ ಮಲಿಕ್ ಕಾಫೂರನು ದೋರಸಮುದ್ರದ ಮೇಲೆ ದಂಡೆತ್ತಿ ಬಂದಾಗ ಅವನ ಸೇನೆಗೆ ದಾರಿಯಲ್ಲಿ ನೆರವಾದುದು ದೇವಗಿರಿಯೇ. ಒಂದೇ ಸಾಮ್ರಾಜ್ಯದ ಮಾಂಡಲಿಕರಾಗಿದ್ದ ಎರಡು ಮನೆತನಗಳು ನೂರಿಪ್ಪತ್ತು ವರ್ಷ ಕಾದಾಡಿದ ಮೇಲೆ, ಅವೆರಡನ್ನೂ ಮಣಿಸಿದವನು ಮೂರನೆಯವನು. ಅವನು ಬರುವ ಮೊದಲೇ ಕೈಜೋಡಿಸಲು ಇವರಿಗೆ ಅಡ್ಡಿಯಾದುದೇನು ಎಂಬ ಪ್ರಶ್ನೆ ಎಳೆಯ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೂಡಿದರೆ ಬೋಧನೆ ಸಾರ್ಥಕ.