ಪಟ್ಟಿಯ ತಲೆಗೆ ಎಷ್ಟು ಬೆಲೆ

ಟೆಲಿಫೋನ್ ಡೈರೆಕ್ಟರಿ ಹುಟ್ಟಿದ್ದು 1878ರ ಫೆಬ್ರವರಿಯಲ್ಲಿ, ಅಮೆರಿಕದ ನ್ಯೂ ಹೇವನ್ ಊರಿನಲ್ಲಿ, ಒಂದೇ ಒಂದು ಹಾಳೆಯಾಗಿ. ಸುಮಾರು 50 ಹೆಸರುಗಳು. ನಂಬರ್‌ಗಳಿಲ್ಲ, ಯಾರು ಬೇಕೆಂದು ಆಪರೇಟರ್‌ಗೆ ಹೇಳಿದರೆ ಸಾಕಿತ್ತು. ಆ ಹಾಳೆಯಲ್ಲೇ ಮನೆಗಳು ಒಂದು ಕಡೆ, ವೈದ್ಯರು ಒಂದು ಕಡೆ, ಅಂಗಡಿ-ಕಾರ್ಖಾನೆ, ಮಾಂಸ-ಮೀನಿನ ಮಾರುಕಟ್ಟೆ, ಕುದುರೆ ಲಾಯಗಳು ಬೇರೆ ಬೇರೆ ಕಡೆ ಇದ್ದವು. ಕಸುಬಿನ ಪ್ರಕಾರ ಹುಡುಕುವ ಅಭ್ಯಾಸ ಹೆಚ್ಚುಕಡಿಮೆ ಫೋನಿನಷ್ಟೇ ಹಳೆಯದು. ಇಂದು ಪ್ಲಂಬರ್, ಎಲೆಕ್ಟ್ರಿಷಿಯನ್, ಎಸಿ ರಿಪೇರಿಯವರಿಗೆ "ಕಡಿಮೆ ಖರ್ಚಿನಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ" ಎಂದು ಮಾರುವ ಸೇವೆಯನ್ನು ಈ ಪಟ್ಟಿಗಳ ಚರಿತ್ರೆಯೊಳಗಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಪಟ್ಟಿಯಲ್ಲಿ ಹೆಸರು ಇರುವುದು ಬಹುಮಟ್ಟಿಗೆ ಪುಕ್ಕಟೆಯಾಗಿಯೇ ಇತ್ತು, ಏಕೆಂದರೆ ಹೆಸರುಗಳಿಲ್ಲದ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ. ಹೆಸರು ಮೇಲೆ ಇರುವುದು ಮಾತ್ರ ಯಾವ ಕಾಲದಲ್ಲೂ ಹೆಚ್ಚು ದಿನ ಅಗ್ಗವಾಗಿ ಉಳಿದಿಲ್ಲ.

1886ರಲ್ಲಿ ಷಿಕಾಗೋದ ರೂಬೆನ್ ಡಾನೆಲಿ ಕಸುಬುವಾರು ಡೈರೆಕ್ಟರಿಯನ್ನು ಒಂದು ಉದ್ಯಮವಾಗಿಯೇ ಕಟ್ಟಲು ಹೊರಟ. ಮುಂದೆ ಅಮೆರಿಕದಲ್ಲಿ ವ್ಯಾಪಾರದ ಫೋನ್ ಲೈನ್ ಪಡೆದವರಿಗೆ ಇಂಥ ಡೈರೆಕ್ಟರಿಯ ಹಳದಿ ಪುಟಗಳಲ್ಲಿ (ಯೆಲ್ಲೋ ಪೇಜಸ್) ಒಂದು ಸಾಲು ಲೈನಿನ ಜೊತೆಗೇ ಸಿಗುತ್ತಿತ್ತು. ದಪ್ಪಕ್ಷರ, ಚೌಕಟ್ಟು, ಕಾಲು ಪುಟ, ಅರ್ಧ ಪುಟ ಬೇಕೆಂದರೆ ವರ್ಷದ ಕರಾರು, ತಿಂಗಳ ಫೋನ್ ಬಿಲ್ಲಿನಲ್ಲೇ ವಸೂಲಿ. ಸಾಲುಗಳು ಅಕ್ಷರಾನುಕ್ರಮದಲ್ಲಿದ್ದುದರಿಂದ ಕೈಯಲ್ಲಿ ಕಾಸಿಲ್ಲದವರು ಹೆಸರಿನಲ್ಲೇ ದಾರಿ ಹುಡುಕಿದರು: ಒಬ್ಬ ಎ-ಒನ್ ಪ್ಲಂಬಿಂಗ್, ಅವನನ್ನು ಹಿಂದೆ ಹಾಕಲು ಇನ್ನೊಬ್ಬ ಎಎಎ ಪ್ಲಂಬಿಂಗ್, ಅವನ ಮುಂದೆ ಮತ್ತೊಂದು ಎ ಸೇರಿಸಿಕೊಂಡ ಮಗದೊಬ್ಬ. ಸರ್ಚ್ ಎಂಜಿನ್ ಆಪ್ಟಿಮೈಸೇಶನ್, ಅಂದರೆ ಹುಡುಕಾಟದಲ್ಲಿ ಹೆಸರನ್ನು ಮೇಲೇರಿಸುವ ವಿದ್ಯೆಯ ಅಜ್ಜ ಇವನೇ ಎಂದರೆ ತಪ್ಪಾಗಲಾರದು. ಖರ್ಚು ಬೋರ್ಡು ಬರೆಸಿದಷ್ಟೇ. ಆದರೆ ಎಲ್ಲರೂ ಎ ಆದಮೇಲೆ ಅದರಿಂದ ಯಾರಿಗೂ ಲಾಭ ಉಳಿಯಲಿಲ್ಲ. ದೊಡ್ಡ ಜಾಹೀರಾತುಗಳನ್ನಂತೂ ಡೈರೆಕ್ಟರಿಯವರು ಅಳತೆಯ ಮೇಲೆ ಜೋಡಿಸುತ್ತಿದ್ದರು. ಅಳತೆ ಒಂದೇ ಆದರೆ ಎಷ್ಟು ವರ್ಷದಿಂದ ಹಾಕಿಸುತ್ತಿದ್ದಾರೆ ಎಂಬುದರ ಮೇಲೆ. ಹೊಸಬ ಅರ್ಧ ಪುಟ ಕೊಂಡರೂ ಹಳಬನ ಹಿಂದೆಯೇ ನಿಲ್ಲಬೇಕಿತ್ತು. ನಮ್ಮಲ್ಲಿ ವಿ.ಎಸ್.ಎಸ್. ಮಣಿ 1996ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಜಸ್ಟ್ ಡಯಲ್ ಪುಸ್ತಕದ ಗೊಡವೆ ಬಿಟ್ಟು ಫೋನಿನಲ್ಲೇ ಹೆಸರು ಹೇಳತೊಡಗಿತು. ಕೇಳುವವರಿಗೆ ಉಚಿತ, ನಮೂದಿಗೂ ಹಣವಿಲ್ಲ. ಯಾರ ಹೆಸರನ್ನು ಮೊದಲು ಹೇಳಬೇಕೆಂಬುದಕ್ಕೆ ಶುಲ್ಕ.

ಸರ್ಚ್ ಎಂಜಿನ್ ಬಂದಾಗ ಈ ಲೆಕ್ಕ ಮುರಿಯಿತೆಂದು ಕೆಲಕಾಲ ಅನ್ನಿಸಿತ್ತು. 1998ರಲ್ಲಿ ಶುರುವಾದ ಗೂಗಲ್, ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಲಿಂಕುಗಳನ್ನು ಶಿಫಾರಸಿನಂತೆ ಎಣಿಸಿತು. ಮೇಲಿನ ಜಾಗ ಮಾರಾಟಕ್ಕಿರಲಿಲ್ಲ. ಅದೇ ವರ್ಷ ಬಿಲ್ ಗ್ರಾಸ್ ಅವರ ಗೋಟು ಡಾಟ್ ಕಾಮ್ ಎಂಬ ಸರ್ಚ್ ಎಂಜಿನ್ ತನ್ನ ಪಟ್ಟಿಯ ಮೇಲಿನ ಜಾಗವನ್ನು ಬಹಿರಂಗವಾಗಿಯೇ ಹರಾಜಿಗಿಟ್ಟಿತು, ಒಂದು ಕ್ಲಿಕ್ಕಿಗೆ ಇಷ್ಟು ಎಂದು. ಗೂಗಲ್ 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ಆಡ್‌ವರ್ಡ್ಸ್ ತೆರೆದು, 2002ರಲ್ಲಿ ತಾನೂ ಕ್ಲಿಕ್ಕಿನ ಹರಾಜಿಗೇ ಬಂತು. ಹರಾಜಿನಲ್ಲಿ ಮೊದಲು ಬಂದವರಿಗೆ ಚಿಲ್ಲರೆ ಕಾಸಿಗೆ ಸಿಕ್ಕಿದ್ದು, ಜನ ತುಂಬಿದ ಮೇಲೆ ಲಾಭವನ್ನೆಲ್ಲ ನುಂಗುವ ದರಕ್ಕೆ ಏರುತ್ತದೆ. ಲಿಂಕಿನ ದಾರಿಯೂ ಹೀಗೇ ಕೆಟ್ಟಿತು. ಲಿಂಕು ಎಣಿಸುತ್ತಾರೆಂದು ತಿಳಿದೊಡನೆ ಲಿಂಕುಗಳನ್ನೇ ಕಟ್ಟುಕಟ್ಟಾಗಿ ಮಾರುವವರು ಎದ್ದರು. ಮೊದಲ ಸ್ಥಾನ ಮಾರುವ ಅಗ್ಗದ ಪ್ಯಾಕೇಜುಗಳೊಳಗೆ ಎಷ್ಟೋ ಸಲ ಇದ್ದ ಸರಕು ಅದೇ. 2012ರ ಏಪ್ರಿಲ್‌ನಲ್ಲಿ ಗೂಗಲ್ ಇಂಥ ಲಿಂಕುಗಳ ವಿರುದ್ಧ ಪೆಂಗ್ವಿನ್ ಎಂಬ ಬದಲಾವಣೆ ತಂದಾಗ ಕೆಳಗೆ ಬಿದ್ದದ್ದು ಕೊಂಡವರ ಸೈಟುಗಳು; ಮಾರಿದವರು ಆಗಲೇ ಹಣ ಎಣಿಸಿಕೊಂಡಾಗಿತ್ತು. ಎಎಎ ವಿದ್ಯೆಯೂ ಸತ್ತಿಲ್ಲ. ವ್ಯಾಪಾರದ ನಿಜವಾದ ಹೆಸರಿಗೆ ಹುಡುಕುವ ಪದಗಳನ್ನು ಅಂಟಿಸಬಾರದೆಂದು ಗೂಗಲ್‌ನ ನಿಯಮವಿದೆ. ಮ್ಯಾನ್‌ಹ್ಯಾಟನ್‌ನ ಒಂದು ಹೋಟೆಲು ಅದಕ್ಕೆ ಸಲೀಸಾದ ಉಪಾಯ ಕಂಡುಕೊಂಡಿತು: ಬೋರ್ಡಿನ ಮೇಲೇ "ಥಾಯ್ ಫುಡ್ ನಿಯರ್ ಮಿ" ಎಂದು ಹೆಸರಿಟ್ಟಿತು.

ಮೇಲಿನ ಜಾಗ ಅಗ್ಗವಾಗಿ ಉಳಿಯುವುದಿಲ್ಲ ಎಂಬ ಮಾತಿಗೆ ಬಲವಾದ ಆಕ್ಷೇಪವೊಂದಿದೆ. ಗೂಗಲ್ ಮ್ಯಾಪ್ಸ್‌ನ ಪಟ್ಟಿಯಲ್ಲಿ ದೂರಕ್ಕೂ ಗಿರಾಕಿಗಳ ರಿವ್ಯೂಗಳಿಗೂ ತೂಕವಿದೆ. ಬೀದಿ ಕೊನೆಯ ಒಂಟಿ ರಿಪೇರಿಯವನು ನಯಾಪೈಸೆ ಕೊಡದೆ ದೊಡ್ಡ ಕಂಪನಿಯ ಮೇಲೆ ಕಾಣಿಸಿಕೊಳ್ಳಬಹುದು. ಒಪ್ಪಬೇಕಾದ ಮಾತು, ಹಳದಿ ಪುಟಗಳಲ್ಲಿ ಇಂಥದ್ದಕ್ಕೆ ಆಸ್ಪದವೇ ಇರಲಿಲ್ಲ. ಆದರೆ ದೂರಕ್ಕೆ ಬೆಲೆ ಬಂದದ್ದೇ ತಡ, ವಿಳಾಸಗಳನ್ನೇ ಸೃಷ್ಟಿಸುವವರು ಹುಟ್ಟಿಕೊಂಡರು. ಅಮೆರಿಕದ ಬೀಗ ರಿಪೇರಿ ದಂಧೆ ಇದರ ಕುಖ್ಯಾತ ಉದಾಹರಣೆ. ನಕ್ಷೆಯಲ್ಲಿ ಪಕ್ಕದ ಬೀದಿಯ ಅಂಗಡಿ, ಕರೆ ಹೋಗುವುದು ಎಲ್ಲೋ ಇರುವ ಕಾಲ್ ಸೆಂಟರಿಗೆ. ಫೋನಿನಲ್ಲಿ ಸಣ್ಣ ಮೊತ್ತ ಹೇಳಿ, ಬಂದವನು ಬೀಗವನ್ನು ಡ್ರಿಲ್ ಮಾಡಿ ನೂರಾರು ಡಾಲರ್ ಕೀಳುತ್ತಿದ್ದ. ಗೂಗಲ್ ಮ್ಯಾಪ್ಸ್‌ನಲ್ಲಿ ಸುಮಾರು 1.1 ಕೋಟಿ ಸುಳ್ಳು ನಮೂದುಗಳಿರಬಹುದೆಂಬ ತಜ್ಞರ ಅಂದಾಜನ್ನು ವಾಲ್ ಸ್ಟ್ರೀಟ್ ಜರ್ನಲ್ 2019ರಲ್ಲಿ ಪ್ರಕಟಿಸಿತು. ಗೂಗಲ್ ಅದನ್ನು ಒಪ್ಪಲಿಲ್ಲ. ಹಿಂದಿನ ವರ್ಷ ತಾನು ತೆಗೆದುಹಾಕಿದ ನಕಲಿ ನಮೂದುಗಳೇ 30 ಲಕ್ಷಕ್ಕೂ ಹೆಚ್ಚು ಎಂದು ಮಾತ್ರ ಹೇಳಿತು. ಪ್ರಾಮಾಣಿಕ ಬೀಗದವನು ಸೋತದ್ದು ಈ ಗುಂಪಿನ ಎದುರು.

ಸರಿ, ದಿನವಿಡೀ ಪೈಪು ಬಿಗಿಯುವವನಿಗೆ ಇದನ್ನೆಲ್ಲ ನೋಡಿಕೊಳ್ಳಲು ಪುರುಸೊತ್ತೆಲ್ಲಿ, ಯಾರಿಗಾದರೂ ಸಂಬಳ ಕೊಟ್ಟರೆ ತಪ್ಪೇನು ಎಂದು ಕೇಳಬಹುದು. ತಪ್ಪೇನಿಲ್ಲ. ಫೋನ್ ನಂಬರು, ಬಾಗಿಲು ತೆರೆಯುವ ಹೊತ್ತು, ಮಾಡಿದ ಕೆಲಸದ ಫೋಟೋ ಸರಿಯಾಗಿಡುವುದು, ರಿವ್ಯೂಗಳಿಗೆ ಉತ್ತರ ಬರೆಯುವುದು ನಿಜವಾದ ದುಡಿಮೆ, ಅದಕ್ಕೆ ಕೂಲಿ ನ್ಯಾಯ. ಅದು ಅಗ್ಗದಲ್ಲಿ ಆಗುವ ಕೆಲಸವೂ ಹೌದು, ಪಟ್ಟಿಯವನಿಗೇ ಅದು ಬೇಕಾಗಿರುವುದರಿಂದ. ಸ್ಥಾನದ ಭರವಸೆ ಬೇರೆ ಮಾತು. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ತಾನೇ ಬರೆದಿಟ್ಟಿದೆ. 2015ರ ಆಗಸ್ಟ್‌ನಲ್ಲಿ ಅದು ನಕ್ಷೆಯ ಕೆಳಗೆ ತೋರಿಸುತ್ತಿದ್ದ 7 ಹೆಸರುಗಳನ್ನು 3ಕ್ಕೆ ಇಳಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದಲ್ಲಿ ಪ್ಲಂಬರ್, ಬೀಗದವರು, ಮನೆ ಕ್ಲೀನಿಂಗಿನವರಿಗಾಗಿ ಹೊಸ ಬಗೆಯ ಜಾಹೀರಾತನ್ನು ಪ್ರಯೋಗಕ್ಕೆ ತಂದಿತು. ಮುಂದೆ ಲೋಕಲ್ ಸರ್ವೀಸಸ್ ಎಂಬ ಹೆಸರಿನಲ್ಲಿ ಬೇರೆ ಊರುಗಳಿಗೂ ಹಬ್ಬಿದ ಈ ಜಾಹೀರಾತಿಗೆ ಆ ಮೂರು ಹೆಸರುಗಳಿಗಿಂತಲೂ ಮೇಲಿನ ಜಾಗ, ಮತ್ತು ಅಲ್ಲಿಂದ ಬರುವ ಒಂದೊಂದು ಗಿರಾಕಿಯ ಕರೆಗೂ ಪ್ರತ್ಯೇಕ ದರ.