ಕಪಿಲೆ–ಕಾವೇರಿ ಸೀಮೆಯ ಮನೆಮದ್ದು

ಮೈಸೂರು ಜಿಲ್ಲೆಯ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಮನೆಗಳಲ್ಲಿ ನೆಗಡಿ, ಅಜೀರ್ಣ, ಮೈಕೈ ನೋವಿಗೆ ಮೊದಲ ಮದ್ದು ಹಿತ್ತಲಿನಿಂದ ಇಲ್ಲವೇ ಸಾಂಬಾರ ಡಬ್ಬಿಯಿಂದ ಬರುತ್ತದೆ. ಗಿಡದ ಹೆಸರು ಎಲ್ಲರಿಗೂ ಗೊತ್ತು. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಬಲ್ಲವರು ಮನೆಯ ಹಿರಿಯ ಹೆಂಗಸರು. ಮದ್ದಿನ ಜೀವ ಇರುವುದು ಆ ತಿಳಿವಳಿಕೆಯಲ್ಲಿ.

ವೈದ್ಯನಾದ ದೇವರು

ಕಪಿಲಾ ತೀರದ ನಂಜುಂಡೇಶ್ವರ ಈ ಸೀಮೆಗೆ ರೋಗ ಕಳೆಯುವ ದೇವರು. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯಿತು, ಅವನು ಪಚ್ಚೆಲಿಂಗ ಒಪ್ಪಿಸಿ ‘ಹಕೀಂ ನಂಜುಂಡ’ ಎಂದು ಕರೆದ ಎಂಬುದು ಐತಿಹ್ಯ. ತಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿರುವವನು ವೈದ್ಯನಾಥೇಶ್ವರ. ತಲ, ಕಾಡ ಎಂಬ ಬೇಡರು ಮರಕ್ಕೆ ಕೊಡಲಿ ಹಾಕಿದಾಗ ರಕ್ತ ಚಿಮ್ಮಿತಂತೆ; ಅದೇ ಮರದ ಎಲೆ, ಕಾಯಿಗಳನ್ನು ಗಾಯಕ್ಕಿಟ್ಟಾಗ ಮಾಯಿತಂತೆ. ಸೊಪ್ಪು ಅರೆದು ಗಾಯಕ್ಕೆ ಕಟ್ಟುವ ಹಳ್ಳಿಯ ರೂಢಿಯೇ ಈ ಸ್ಥಳಪುರಾಣದೊಳಗೆ ಸೇರಿಕೊಂಡಿದೆ ಎನಿಸುತ್ತದೆ.

ಹಿತ್ತಲಿನ ಮದ್ದು

ಮಕ್ಕಳ ಕೆಮ್ಮು–ನೆಗಡಿಗೆ ದೊಡ್ಡಪತ್ರೆ. ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ನೆಕ್ಕಿಸುತ್ತಾರೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೂಡದು. ದೊಡ್ಡವರಿಗೆ ಶುಂಠಿ, ಮೆಣಸು, ಜೀರಿಗೆ, ಕೊತ್ತಂಬರಿ ಬೀಜ ಕುದಿಸಿ ಬೆಲ್ಲ ಹಾಕಿದ ಕಷಾಯ. ಹೊಟ್ಟೆಯುಬ್ಬರಕ್ಕೆ ಓಮ. ಲಕ್ಕಿ ಸೊಪ್ಪು ಕುದಿಸಿದ ನೀರಿನ ಸ್ನಾನ ಮೈನೋವಿಗೆ, ಬಾಣಂತಿಯರಿಗೆ.

ಕೂಸಿನ ಹೊಟ್ಟೆನೋವಿಗೆ ಬಜೆಯನ್ನು ಸುಟ್ಟು ಕಲ್ಲಿನ ಮೇಲೆ ತೇಯುತ್ತಾರೆ. ಎಷ್ಟು ಸುತ್ತು ತೇಯಬೇಕು ಎಂಬುದೇ ಅದರ ಅಳತೆ. ಆದರೆ ಬಜೆಯಲ್ಲಿರುವ ಅಸರೋನ್ ಎಂಬ ರಾಸಾಯನಿಕ ವಿಷಕಾರಿ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಇದೊಂದನ್ನು ಬಿಟ್ಟುಬಿಡುವುದೇ ಕ್ಷೇಮ.

ನಂಜನಗೂಡು ಹಲ್ಲುಪುಡಿ

ಇಲ್ಲಿನ ಒಂದು ಮದ್ದು ಊರ ಹೆಸರನ್ನೇ ಹೊತ್ತು ಹೊರಟಿತು. ಬಿ.ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಗೆ ಭತ್ತದ ಹೊಟ್ಟೇ ಆಧಾರ. ಭತ್ತ ಬೆಳೆಯುವ ನಾಡಿನಲ್ಲಿ ಅದಕ್ಕೆ ಬರವಿಲ್ಲ. ಹೊಟ್ಟನ್ನು ಸುಟ್ಟರೆ ಉಳಿಯುವ ಬೂದಿಯಲ್ಲಿ ಸಿಲಿಕಾ ಹೇರಳ. ಕೊಳೆ ತೆಗೆಯುವ ಗುಣ ಅದರದು.

ಐರ್ಲೆಂಡಿನ ಮಕ್ಕಳು ಬರೆದದ್ದು

ಹಲ್ಲುಪುಡಿಯಂತೆ ಊರಾಚೆ ಹೋಗದ ಮದ್ದುಗಳ ತಿಳಿವಳಿಕೆ ಹಿರಿಯರ ನೆನಪಿನಲ್ಲೇ ಉಳಿದಿದೆ; ಅದನ್ನು ಬರೆದಿಡುವುದಕ್ಕೆ ಒಂದು ಮಾದರಿಯಿದೆ. ಐರ್ಲೆಂಡಿನಲ್ಲಿ 1937ರಿಂದ 1939ರವರೆಗೆ ಸುಮಾರು 50,000 ಶಾಲಾಮಕ್ಕಳು ತಮ್ಮೂರಿನ ಹಿರಿಯರನ್ನು ಕೇಳಿ ಜಾನಪದವನ್ನು ಬರೆದಿಟ್ಟರು, ಮನೆಮದ್ದೂ ಅದರಲ್ಲಿತ್ತು. ನಮ್ಮ ಹಳ್ಳಿ ಶಾಲೆಗಳಲ್ಲೂ ಇದನ್ನು ಮಾಡಿಸಬಹುದು, ತಡಮಾಡದೆ ಮಾಡಿಸಬೇಕು. ಸೊಪ್ಪಿನ ಹೆಸರಿನ ಜೊತೆಗೆ ಅಳತೆ, ವಯಸ್ಸು, ಪಥ್ಯ ಮೂರನ್ನೂ ಬರೆಸಬೇಕು.

ಮದ್ದು ನಿಲ್ಲುವ ಕಡೆ

ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುವುದುಂಟು. ಕಣ್ಣು ಹಳದಿಯಾಗಲು ಕಾರಣಗಳು ಹಲವು, ರಕ್ತಪರೀಕ್ಷೆಯಿಲ್ಲದೆ ತಿಳಿಯುವುದಿಲ್ಲ. ಗದ್ದೆಯಲ್ಲಿ ಹಾವು ಕಚ್ಚಿದರೆ ಸೊಪ್ಪಿಗೂ ಮಂತ್ರಕ್ಕೂ ಹೊತ್ತು ಕಳೆಯಬಾರದು. ಕಚ್ಚಿದ ಕಾಲನ್ನು ಅಲುಗಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು.